ತಿರುಳು ಹೊಸದಾದಾಗ ತಪ್ಪಿದ ಕೊಂಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಶಬ್ದಾರ್ಥವನ್ನೋ ಗ್ರಂಥಪಾಠವನ್ನೋ ಹಳೆಯ ಶಾಸನದ ಒಂದು ಸಾಲನ್ನೋ ಕುರಿತವು. ಕಳೆದ ಕೆಲವು ತಿಂಗಳಿನಿಂದ ಅವುಗಳ ನಡುವೆ ಬೇರೊಂದು ಬಗೆಯ ಪ್ರಶ್ನೆ ತಲೆಹಾಕತೊಡಗಿದೆ. ಮನೆಯ ಹಳೆಯ ಲ್ಯಾಪ್‌ಟಾಪಿಗೆ ಹುಡುಗರು ಲಿನಕ್ಸ್ ಹಾಕಿಕೊಟ್ಟರು, ಚೆನ್ನಾಗಿಯೇ ನಡೆಯುತ್ತಿತ್ತು, ಒಂದು ದಿನ ಪರಿಷ್ಕರಣೆ ಬಂದಿದೆ, ಒಪ್ಪುವಿರಾ ಎಂದು ಕೇಳಿತು, ಒಪ್ಪಿದೆವು, ಮರುದಿನ ಯಂತ್ರ ತೆರೆದರೆ ವೈಫೈ ಇಲ್ಲ, ಇದಕ್ಕೇನು ಪರಿಹಾರ ಎಂಬುದೇ ಆ ಪ್ರಶ್ನೆ. ಶಾಸ್ತ್ರ ಓದಿದವನನ್ನು ಇದನ್ನೇಕೆ ಕೇಳಬೇಕು ಎಂದು ಕೆಲವರಿಗೆ ಅನಿಸಬಹುದು. ತಾಡೋಲೆಯ ಪಾಠಗಳನ್ನು ಬೆರಳಚ್ಚಿಸುವ ಕೆಲಸಕ್ಕಾಗಿ ನಾನು ಹಲವು ವರ್ಷಗಳಿಂದ ಲಿನಕ್ಸ್ ಬಳಸುತ್ತಿರುವುದು ನಮ್ಮ ಸೀಮೆಯಲ್ಲಿ ಗುಟ್ಟಿನ ಸಂಗತಿಯೇನಲ್ಲ, ಆದುದರಿಂದ ಕೇಳುತ್ತಾರೆ.

ಈ ಪ್ರಶ್ನೆ ಈಗ ಹೆಚ್ಚಾಗಿರುವುದಕ್ಕೆ ಕಾರಣವುಂಟು. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ 10 ತಂತ್ರಾಂಶಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ ಸಂಸ್ಕಾರಕವು ಸುಮಾರಾಗಿ 2017-18ರ ಈಚಿನದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು. ಅದಕ್ಕಿಂತ ಹಿಂದೆ ಕೊಂಡ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಹೊರಗುಳಿದವು. ಹೊಸದನ್ನು ಕೊಳ್ಳುವ ಅನುಕೂಲವಿಲ್ಲದ ಮನೆಗಳಲ್ಲಿ ಕಾಲೇಜಿಗೆ ಹೋಗುವ ಹುಡುಗರು ಉಬುಂಟು, ಡೆಬಿಯನ್, ಮಿಂಟ್ ಎಂದು ಏನಾದರೊಂದು ಲಿನಕ್ಸ್ ಹಾಕಿಕೊಟ್ಟರು. ಇದು ವಿವೇಕದ ಕೆಲಸವೇ. ಆದರೆ ಹಾಕಿಕೊಟ್ಟವರು ಹಾಸ್ಟೆಲಿಗೆ ಮರಳಿದ ಮೇಲೆ ಉಳಿದವರಿಗೆ ಅದರ ನಡೆ ತಿಳಿಯದೆ ಹೋಯಿತು.

ಇಳಕಲ್ಲಿನ ಒಂದು ನೇಕಾರ ಮನೆತನದ ಸಂಗತಿಯನ್ನು ಹೇಳುತ್ತೇನೆ. ಮೊಮ್ಮಗ ಬಾಗಲಕೋಟೆಯಲ್ಲಿ ತಾಂತ್ರಿಕ ವಿದ್ಯಾಭ್ಯಾಸ ಮಾಡುತ್ತಿದ್ದಾನೆ. ದೀಪಾವಳಿಯ ರಜೆಯಲ್ಲಿ ಊರಿಗೆ ಬಂದವನು ಹಳೆಯ ಯಂತ್ರಕ್ಕೆ ಡೆಬಿಯನ್ 13 ಹಾಕಿಕೊಟ್ಟ. ಮನೆಯ ಹೆಣ್ಣುಮಗಳು ಹುನಗುಂದದ ಕಾಲೇಜಿಗೆ ಹೋಗುವವಳು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಪ್ರಮಾಣಪತ್ರಗಳೆಲ್ಲ ಆ ಯಂತ್ರದಲ್ಲಿಯೇ ಇದ್ದವು. ಕೊನೆಯ ದಿನಾಂಕಕ್ಕೆ ಐದು ದಿನವಿದ್ದಾಗ ವೈಫೈ ಹೋಯಿತು. ರಿಪೇರಿ ಅಂಗಡಿಯಲ್ಲಿ ಯಂತ್ರವನ್ನು ತೆರೆದೂ ನೋಡದೆ, ವೈಫೈ ಕಾರ್ಡು ಸುಟ್ಟಿದೆ, ಕಾರ್ಡು ಬದಲಿಸಬೇಕು ಇಲ್ಲವೆ ಎಲ್ಲವನ್ನೂ ಅಳಿಸಿ ಮೊದಲಿನ ತಂತ್ರಾಂಶ ಹಾಕಬೇಕು ಎಂದರು. ಹಿರಿಯರು, "ಪುಕ್ಕಟೆ ಬಂದದ್ದು ಪುಕ್ಕಟೆನ ಹೋತು, ಇನ್ನ ಗುಜರಿಗೆ ಹಾಕೂದು" ಎಂದುಬಿಟ್ಟಿದ್ದರು. ಸುಟ್ಟದ್ದೇನೂ ಇರಲಿಲ್ಲ. ಹುಡುಗಿಯ ಪ್ರಮಾಣಪತ್ರಗಳನ್ನು ಅಳಿಸಬೇಕಾದ ಕಾರಣವಂತೂ ಮೊದಲೇ ಇರಲಿಲ್ಲ.

ಏನಾಗಿತ್ತೆಂಬುದನ್ನು ತಿಳಿಯಲು ಲಿನಕ್ಸಿನ ರಚನೆಯನ್ನು ಸ್ವಲ್ಪ ಅರಿಯಬೇಕು. ಲಿನಕ್ಸ್ ಎಂಬುದು ಮೂಲತಃ ಗಣಕದ ತಿರುಳಿನ ಹೆಸರು. ಇಂಗ್ಲಿಷಿನವರು ಕರ್ನೆಲ್ ಎನ್ನುತ್ತಾರೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಇಂಥದೊಂದನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದ. ಇಂದು ಅದರ ಆಕರಪಾಠ ಮೂರು ಕೋಟಿ ಸಾಲುಗಳನ್ನು ಮೀರಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಚಾಲಕಗಳದು. ಚಾಲಕ ಅಥವಾ ಡ್ರೈವರ್ ಎಂದರೆ ಒಂದೊಂದು ಉಪಕರಣದೊಡನೆ ಮಾತನಾಡಬಲ್ಲ ದುಭಾಷಿ. ಮುದ್ರಕಕ್ಕೆ ಒಂದು, ಧ್ವನಿಗೆ ಒಂದು, ವೈಫೈಗೆ ಒಂದು. ತಿರುಳು ಏನು ಹೇಳಿದರೂ ಅದನ್ನು ಚಿಪ್ಪಿನ ಭಾಷೆಗೆ ತಿರುಗಿಸುವುದು ಚಾಲಕದ ಕೆಲಸ.

ನಮ್ಮ ಇಳಕಲ್ ಸೀರೆಯನ್ನು ನೆನೆದರೆ ಮುಂದಿನದು ಸುಲಭವಾಗುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಇಳಕಲ್ ಸೀರೆಯ ವೈಶಿಷ್ಟ್ಯವೇ ಅದು. ಒಂದು ಸೀರೆಯ ಮೈಹಾಸಿಗಾಗಿ ಎಣಿಸಿ ಸಿದ್ಧಪಡಿಸಿದ ಸೆರಗಿನ ಹಾಸನ್ನು ಎಳೆಗಳ ಸಂಖ್ಯೆ ಬೇರೆಯಾದ ಇನ್ನೊಂದು ಮೈಹಾಸಿನೊಡನೆ ಕೂಡಿಸಲು ಬರುವುದಿಲ್ಲ. ರೇಷ್ಮೆ ಕೆಟ್ಟಿರುವುದಿಲ್ಲ, ಹತ್ತಿಯೂ ಕೆಟ್ಟಿರುವುದಿಲ್ಲ. ಎಣಿಕೆ ಮಾತ್ರ ಹೊಂದುವುದಿಲ್ಲ.

ತಿರುಳು ಮೈಹಾಸು, ಚಾಲಕ ಸೆರಗಿನ ಹಾಸು ಎಂದು ತಿಳಿಯಿರಿ. ಚಾಲಕಗಳಲ್ಲಿ ಎರಡು ವರ್ಗ. ತಿರುಳಿನ ಆಕರದೊಳಗೇ ಸೇರಿಹೋದವು ಮೊದಲನೆಯ ವರ್ಗ. ತಿರುಳಿನೊಡನೆಯೇ ಹುಟ್ಟಿ ಬರುವ ಇವಕ್ಕೆ ಪರಿಷ್ಕರಣೆಯಿಂದ ತೊಂದರೆ ತೀರ ಕಡಿಮೆ. ತಿರುಳಿನ ಹೊರಗೆ ಬೆಳೆದು, ಬಳಕೆದಾರನು ಆಮೇಲೆ ತಂದು ಕೂಡಿಸುವವು ಎರಡನೆಯ ವರ್ಗ. ಇವನ್ನು ಆಯಾ ತಿರುಳಿಗೆ ಸರಿಯಾಗಿ ಪ್ರತಿಸಲವೂ ಹೊಸದಾಗಿ ಕಟ್ಟಬೇಕು. ತಿರುಳಿನ ಪ್ರತಿಯೊಂದು ಆವೃತ್ತಿಗೂ ಚಾಲಕಗಳನ್ನಿಡಲು ತನ್ನದೇ ಆದ ಕೋಣೆಯುಂಟು. ಹಳೆಯ ಕೋಣೆಯ ಚಾಲಕವನ್ನು ಹೊಸ ತಿರುಳು ಮುಟ್ಟುವುದಿಲ್ಲ. ಇಳಕಲ್ಲಿನ ಮನೆಯ ವೈಫೈ ಚಾಲಕ ಈ ಎರಡನೆಯ ವರ್ಗದ್ದಾಗಿತ್ತು. 6.12 ಎಂಬ ಮೊದಲಂಕೆ ಹಾಗೆಯೇ ಉಳಿದು ಅದರ ಮುಂದಿನ ಸಂಖ್ಯೆ ಮಾತ್ರ ಬದಲಾಗಿತ್ತು. ಅಷ್ಟೇ ಸಾಕಾಯಿತು.

ಹೀಗೆ ಪದೇ ಪದೇ ಬದಲಿಸುವುದೇಕೆ ಎಂದು ಕೇಳುವವರಿಗೆ ಒಂದು ಮಾತು. ಸುಮಾರು ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ತಿರುಳು ಹೊರಬೀಳುತ್ತದೆ. ನಾವು ಬಳಸುವ ತಂತ್ರಾಂಶಗಳಿಗೆ ಕಾಣುವ ಹೊರಬಾಗಿಲನ್ನು ಕದಲಿಸಬಾರದೆಂಬುದು ಟೋರ್ವಾಲ್ಡ್ಸರ ಕಟ್ಟುನಿಟ್ಟಿನ ನಿಯಮ. ಆದರೆ ಒಳಕೋಣೆಗಳನ್ನು ಬೇಕಾದಂತೆ ಬದಲಿಸುವ ಸ್ವಾತಂತ್ರ್ಯವನ್ನು ಅವರು ಬಿಟ್ಟುಕೊಟ್ಟಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಬಾಗಲಕೋಟೆಯ ಎಷ್ಟೋ ಮನೆತನಗಳು ನವನಗರಕ್ಕೆ ಹೋದವು. ಜನ ಅವರೇ, ವಿಳಾಸ ಮಾತ್ರ ಓಣಿಯ ಹೆಸರಿನಿಂದ ಸೆಕ್ಟರಿನ ಅಂಕೆಗೆ ಬದಲಾಯಿತು. ಹಳೆಯ ವಿಳಾಸ ಬರೆದ ಲಕೋಟೆ ಹಿಂದಿರುಗಿದರೆ ಅದು ಊರಿನವರ ದೋಷವಲ್ಲ. ತಿರುಳಿನೊಳಗಿನ ಚಾಲಕಗಳಿಗೆ ಈ ಪಾಡಿಲ್ಲ: ಒಳಗಿನ ವಿಳಾಸವನ್ನು ಬದಲಿಸಿದವನೇ ಅವುಗಳಲ್ಲೆಲ್ಲ ತಿದ್ದುಪಡಿ ಮಾಡಿಕೊಡಬೇಕೆಂಬುದು ಅಲ್ಲಿಯ ಪದ್ಧತಿ. ಹೊರಗಿನವರನ್ನು ವಿಚಾರಿಸುವವರಿಲ್ಲ.

ಇನ್ನು ಪರಿಹಾರ. ಮೊದಲು ವಿಮಾನದ ಚಿತ್ರವಿರುವ ಕೀಲಿ ಒತ್ತಿಹೋಗಿಲ್ಲವೆಂದು ನೋಡಿಕೊಳ್ಳಿ. ಈ ಕ್ಷುಲ್ಲಕ ಕಾರಣಕ್ಕೇ ಅಂಗಡಿಗೆ ಹೋದವರುಂಟು. ಅದು ಸರಿಯಿದ್ದರೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ. ಡೆಬಿಯನ್ನಿನಲ್ಲಿ ಆರಂಭಕ್ಕೆ ಐದು ಸೆಕೆಂಡುಗಳ ಕಾಲ ಒಂದು ಪಟ್ಟಿ ಕಾಣುತ್ತದೆ. ಉಬುಂಟುವಿನಲ್ಲಿ ಅದು ಅಡಗಿರುತ್ತದೆ, ಎಸ್ಕೇಪ್ ಕೀಲಿಯನ್ನು ತಟ್ಟಬೇಕು, ತೀರ ಹಳೆಯ ಯಂತ್ರಗಳಲ್ಲಿ ಶಿಫ್ಟ್ ಹಿಡಿಯಬೇಕು. ಪಟ್ಟಿಯಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಎಂಬ ಸಾಲನ್ನು ಆರಿಸಿದರೆ ಯಂತ್ರದಲ್ಲಿರುವ ತಿರುಳುಗಳೆಲ್ಲ ಕಾಣುತ್ತವೆ. ಹೊಸದು ಬಂದಾಗ ಹಿಂದಿನದನ್ನು ಕೂಡಲೇ ಅಳಿಸದಿರುವುದು ಲಿನಕ್ಸಿನವರ ಒಳ್ಳೆಯ ಪದ್ಧತಿ. ಹಿಂದಿನದನ್ನು ಆರಿಸಿ ಒಳಹೋಗಿ. ವೈಫೈ ಬಂದರೆ ಕಾರ್ಡು ಸುಟ್ಟಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೈಯಲ್ಲಿರುವ ಕೆಲಸವನ್ನು ಅಲ್ಲಿಯೇ ಮುಗಿಸಬಹುದು. ಆ ಹುಡುಗಿಯ ಅರ್ಜಿಯನ್ನು ಮೊದಲು ಹೀಗೆಯೇ ಕಳಿಸಿದೆವು. ರಿಪೇರಿಯನ್ನು ಆಮೇಲೆ ಮಾಡಿದೆವು. ತುರ್ತಿನವರಿಗೆ ಇದೇ ಕ್ರಮ ಮೇಲು.

ರಿಪೇರಿಗೆ ಹೊಸ ತಿರುಳಿನೊಳಗೇ ಇರಬೇಕು, ಅಂತರ್ಜಾಲವೂ ಬೇಕು. ವೈಫೈ ಇಲ್ಲದೆ ವೈಫೈಯನ್ನು ತರುವುದು ಹೇಗೆ ಎಂದು ಗಾಬರಿಯಾಗಬೇಕಿಲ್ಲ. ಆಂಡ್ರಾಯ್ಡ್ ದೂರವಾಣಿಯನ್ನು ಅದರ ಚಾರ್ಜಿಂಗ್ ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಅದರ ಹಾಟ್‌ಸ್ಪಾಟ್ ವಿಭಾಗದಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಚಾಲೂ ಮಾಡಿದರೆ ಸಾಕು. ಅದಕ್ಕೆ ಬೇಕಾದ ಚಾಲಕ ತಿರುಳಿನೊಳಗೇ ಇದೆ. ತಂತಿ ಮಾತ್ರ ಬರಿಯ ವಿದ್ಯುತ್ತನ್ನಲ್ಲದೆ ಮಾಹಿತಿಯನ್ನೂ ಸಾಗಿಸುವಂಥದಾಗಿರಬೇಕು.

ಟರ್ಮಿನಲ್ ತೆರೆದು ಕೆಳಗಿನ ಆದೇಶಗಳನ್ನು ಕೊಡಬೇಕು. ನಾನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುದನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕೆಂಬುದನ್ನು ಮರೆಯಬಾರದು. 'ಯುನೇಮ್ ‑ಆರ್' ಎಂದರೆ ಈಗ ನಡೆಯುತ್ತಿರುವ ತಿರುಳಿನ ಸಂಖ್ಯೆ ಕಾಣುತ್ತದೆ. 'ಎಲ್‌ಎಸ್‌ಪಿಸಿಐ ‑ಕೆ' ಎಂದರೆ ಯಂತ್ರದೊಳಗಿನ ಉಪಕರಣಗಳ ಪಟ್ಟಿ ಬರುತ್ತದೆ. ನೆಟ್‌ವರ್ಕ್ ಉಪಕರಣದ ಕೆಳಗೆ 'ಕರ್ನೆಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇದ್ದರೆ ಚಾಲಕ ಕೂಡಿಕೊಂಡಿದೆ, ಇಲ್ಲದಿದ್ದರೆ ಕೊಂಡಿ ತಪ್ಪಿದೆ. ಮೂರನೆಯದು 'ಡಿಕೆಎಂಎಸ್ ಸ್ಟೇಟಸ್'. ಇದು ಮುಖ್ಯ. ಹೊರಗಿನ ಚಾಲಕಗಳನ್ನು ಪ್ರತಿ ಹೊಸ ತಿರುಳಿಗೂ ತಾನಾಗಿ ಕಟ್ಟಿಕೊಡುವ ಸಲುವಾಗಿ ಡೆಲ್ ಸಂಸ್ಥೆಯವರು 2003ರ ಹೊತ್ತಿಗೆ ರೂಪಿಸಿದ ಉಪಾಯವೇ ಡಿಕೆಎಂಎಸ್. ಮಗ್ಗದ ಮನೆಯಲ್ಲಿ ಹಾಸು ಬದಲಾದ ಕೂಡಲೆ ಹೇಳಿಸಿಕೊಳ್ಳದೆ ಕೊಂಡಿ ಹಾಕಲು ಕುಳಿತುಕೊಳ್ಳುವ ಮನೆಯವಳಂತೆ ಇದು.

ಅಂಥ ಸಹಾಯಕವಿದ್ದೂ ಇಳಕಲ್ಲಿನಲ್ಲಿ ಕೆಲಸವೇಕೆ ನಿಂತಿತು? ಕೊಂಡಿ ಹಾಕುವವಳಿಗೆ ಹೊಸ ಹಾಸಿನ ಎಣಿಕೆಯಾದರೂ ಗೊತ್ತಿರಬೇಕಲ್ಲವೆ. ಆ ಎಣಿಕೆಯನ್ನು ತಿಳಿಸುವ ಕಡತಗಳಿಗೆ ಹೆಡರುಗಳೆಂದು ಹೆಸರು. ಮೊಮ್ಮಗನು ದೀಪಾವಳಿಯಂದು ಅಂದಿನ ತಿರುಳಿನ ಹೆಡರನ್ನು ಮಾತ್ರ ಹಾಕಿ ಹೋಗಿದ್ದ. ಮುಂದೆ ಬರುವ ತಿರುಳುಗಳ ಹೆಡರು ತಾನಾಗಿ ಬರುವ ಏರ್ಪಾಡನ್ನು ಮಾಡಿರಲಿಲ್ಲ. ಡಿಕೆಎಂಎಸ್ ಪಟ್ಟಿಯಲ್ಲಿ ಹಳೆಯ ಸಂಖ್ಯೆಯ ಮುಂದೆ 'ಇನ್‌ಸ್ಟಾಲ್ಡ್' ಎಂದಿತ್ತು, ಹೊಸ ಸಂಖ್ಯೆಯ ಸುಳಿವೇ ಇರಲಿಲ್ಲ. 'ಸುಡೊ ಎಪಿಟಿ ಇನ್‌ಸ್ಟಾಲ್ ಲಿನಕ್ಸ್‑ಹೆಡರ್ಸ್‑ಎಎಂಡಿ64' ಎಂಬ ಒಂದೇ ಆದೇಶ ಕೊಟ್ಟೆವು. ಕೊನೆಯಲ್ಲಿ ಬರುವ ಪದವನ್ನು ನೋಡಿ ನಮ್ಮ ಯಂತ್ರ ಇಂಟೆಲ್ಲಿನದಲ್ಲವೆ ಎಂದು ಅನುಮಾನಿಸಬೇಡಿ. 64 ಬಿಟ್ಟಿನ ಇಂಟೆಲ್ ಯಂತ್ರಗಳಿಗೂ ಡೆಬಿಯನ್ನಿನಲ್ಲಿ ಅದೇ ಹೆಸರು. ಹೆಡರು ಬಂದ ಕೂಡಲೆ ಚಾಲಕ ತಾನಾಗಿ ಕಟ್ಟಿಕೊಂಡಿತು. ಕಟ್ಟಿಕೊಳ್ಳದಿದ್ದರೆ 'ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್' ಎನ್ನಬೇಕು. ಮರುಪ್ರಾರಂಭಿಸಿದಾಗ ವೈಫೈ ಬಂದಿತ್ತು. ಒಂದು ಪೈಸೆಯೂ ಖರ್ಚಾಗಲಿಲ್ಲ. ಇನ್ನು ಮುಂದೆ ಪ್ರತಿ ತಿರುಳಿನ ಬೆನ್ನಿಗೇ ಅದರ ಹೆಡರೂ ಬರುತ್ತದೆ.

ಉಬುಂಟು ಬಳಸುವವರ ಕಥೆ ತುಸು ಬೇರೆ. ಅಲ್ಲಿ ಹೆಡರುಗಳು ಸಾಮಾನ್ಯವಾಗಿ ತಾವಾಗಿಯೇ ಬರುತ್ತವೆ. ಆದರೆ ಉಬುಂಟು 24.04ರಂಥ ದೀರ್ಘಾವಧಿಯ ಆವೃತ್ತಿಯಲ್ಲಿಯೂ ತಿರುಳು ದೊಡ್ಡ ಹೆಜ್ಜೆ ಇಡುತ್ತದೆ. 2024ರ ಏಪ್ರಿಲಿನಲ್ಲಿ 6.8 ಇದ್ದದ್ದು 2025ರಲ್ಲಿ 6.11ಕ್ಕೂ ಬಳಿಕ 6.14ಕ್ಕೂ ಹೋಯಿತು. ಅಷ್ಟು ಅಂತರವಾದಾಗ ಹೊರಗಿನ ಚಾಲಕದ ಆಕರವೇ ಹಳತಾಗಿ, ಹೆಡರಿದ್ದರೂ ಕಟ್ಟುವಿಕೆ ವಿಫಲವಾಗಬಹುದು. ಆಗ ಚಾಲಕದ ಹೊಸ ಆವೃತ್ತಿ ಬರುವವರೆಗೆ ಹಿಂದಿನ ತಿರುಳಿನಲ್ಲಿಯೇ ಇರುವುದು ಲೇಸು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ತಾಡೋಲೆಯ ಕಟ್ಟುಗಳನ್ನು ದೇವರ ಜಗುಲಿಯ ಮೇಲಿಟ್ಟು ಪೂಜಿಸುತ್ತಿದ್ದರು, ಬಿಚ್ಚಲು ಬಿಡುತ್ತಿರಲಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಅಂಥ ಕಟ್ಟುಗಳನ್ನು ಬಿಚ್ಚಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದ ಮೇಲೆ ಅವುಗಳ ಪಾಠವನ್ನು ನಾಲ್ಕು ಜನ ಓದುವಂತಾಯಿತು, ತಪ್ಪು ತಿದ್ದುವಂತಾಯಿತು. ಬಿಚ್ಚದ ಕಟ್ಟಿನಲ್ಲಿ ತಪ್ಪಿದ್ದರೆ ಅದು ತಪ್ಪಾಗಿಯೇ ಉಳಿಯುತ್ತದೆ, ಹುಳು ತಿಂದರೂ ತಿಳಿಯುವುದಿಲ್ಲ. ವೈಫೈ ಚಾಲಕಗಳ ಚರಿತ್ರೆಯೂ ಹೀಗೆಯೇ. ಚಿಪ್ಪು ತಯಾರಿಸುವ ಸಂಸ್ಥೆಗಳು ಬಹುಕಾಲ ಅದರ ಭಾಷೆಯನ್ನು ಮುಚ್ಚಿಟ್ಟವು. ಬ್ರಾಡ್‌ಕಾಮ್ ಚಿಪ್ಪುಗಳಿಗೆ ಸ್ವಯಂಸೇವಕರು ಅವುಗಳ ನಡವಳಿಕೆಯನ್ನೇ ಪರೀಕ್ಷಿಸಿ ಬರೆದ ಚಾಲಕ 2006ರಲ್ಲಿ ಲಿನಕ್ಸಿನ ತಿರುಳನ್ನು ಸೇರಿತು. 2008ರಲ್ಲಿ ಅಥೆರಾಸ್ ಸಂಸ್ಥೆ ತಾನೇ ಮುಂದಾಗಿ ತನ್ನ ಹೊಸ ಚಿಪ್ಪುಗಳ ಚಾಲಕದ ಆಕರವನ್ನು ಬಿಚ್ಚಿಟ್ಟಿತು. 2010ರಲ್ಲಿ ಬ್ರಾಡ್‌ಕಾಮ್ ಸಹ ಕೆಲವು ಚಿಪ್ಪುಗಳ ಮಟ್ಟಿಗೆ ಅದೇ ದಾರಿ ಹಿಡಿಯಿತು. ಬಿಚ್ಚಿಟ್ಟವು ತಿರುಳಿನೊಳಗೆ ಸೇರಿ ಸುಖವಾಗಿವೆ. ಮುಚ್ಚಿಟ್ಟವುಗಳದೇ ಈ ಪ್ರತಿ ಪರಿಷ್ಕರಣೆಯ ಗೋಳು. ಇಳಕಲ್ಲಿನ ಯಂತ್ರದ ಚಿಪ್ಪು ಯಾವ ಸಂಸ್ಥೆಯದೆಂಬುದು ಇಲ್ಲಿ ಅಪ್ರಸ್ತುತ.

ಇನ್ನೊಂದು ತೊಡಕು ಸೆಕ್ಯೂರ್ ಬೂಟ್ ಎಂಬ ಕಾವಲಿನದು. ಅದು ಚಾಲೂ ಇರುವ ಯಂತ್ರಗಳಲ್ಲಿ, ಪರಿಚಿತ ಮುದ್ರೆಯಿಲ್ಲದ ಚಾಲಕವನ್ನು ತಿರುಳು ಒಳಗೆ ಬಿಡುವುದಿಲ್ಲ. ಡಿಕೆಎಂಎಸ್ ಪಟ್ಟಿಯಲ್ಲಿ ಎಲ್ಲ ಸರಿಯಿದ್ದರೂ ವೈಫೈ ಬರುವುದಿಲ್ಲ, 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂಬ ಉತ್ತರ ಬರುತ್ತದೆ. ಉಬುಂಟು ಇಂಥ ಚಾಲಕ ಹಾಕುವಾಗ ಒಂದು ಗುಪ್ತಪದವನ್ನು ಕೇಳುತ್ತದೆ. ಮರುಪ್ರಾರಂಭದಲ್ಲಿ ನೀಲಿ ಪರದೆಯೊಂದು ಕೆಲವೇ ಸೆಕೆಂಡು ಕಾಯುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' ಎಂಬುದನ್ನು ಆರಿಸಿ ಅದೇ ಗುಪ್ತಪದವನ್ನು ಕೊಡಬೇಕು. ಹೆದರಿ 'ಕಂಟಿನ್ಯೂ ಬೂಟ್' ಒತ್ತಿದವರೇ ಹೆಚ್ಚು. ಆಗ ಮುದ್ರೆ ದಾಖಲಾಗುವುದಿಲ್ಲ. ಆ ಗುಪ್ತಪದವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಚಾಲಕ ಕೂಡಿಕೊಂಡಿದ್ದರೂ ವೈಫೈ ಬಾರದಿದ್ದರೆ ಚಿಪ್ಪಿನೊಳಗೆ ಇಳಿಸಬೇಕಾದ ಫರ್ಮ್‌ವೇರ್ ಇಲ್ಲದಿರಬಹುದು. ಡೆಬಿಯನ್ನಿನವರು ಮುಕ್ತವಲ್ಲದ ಫರ್ಮ್‌ವೇರನ್ನು ಬಹುಕಾಲ ತಮ್ಮ ಅಧಿಕೃತ ಪ್ರತಿಷ್ಠಾಪನಾ ಕಡತದಿಂದ ದೂರವಿಟ್ಟಿದ್ದರು. 2022ರಲ್ಲಿ ಸದಸ್ಯರ ಮತದಾನವಾಗಿ, 2023ರ ಡೆಬಿಯನ್ 12ರಿಂದ ಸೇರಿಸಿದ್ದಾರೆ. ತತ್ತ್ವಕ್ಕೂ ವ್ಯವಹಾರಕ್ಕೂ ನಡೆದ ಈ ವಾದವನ್ನು ಇನ್ನೊಮ್ಮೆ ಬರೆಯಬಹುದು.

ಇಷ್ಟನ್ನೆಲ್ಲ ಮನೆಯವರೇ ಕಲಿಯಬೇಕೆಂದರೆ ಕಷ್ಟವೆಂಬುದನ್ನು ಬಲ್ಲೆ. ಊರಿಗೊಬ್ಬ ಬಲ್ಲವರಿದ್ದರೆ ಸಾಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿಯೇ ಲಿನಕ್ಸ್ ಕಲಿಯುತ್ತಾರೆ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯಾಗಿ ಮೊದಲಾಗಿ 2017ರಲ್ಲಿ ಕೈಟ್ ಸಂಸ್ಥೆಯಾದ ವ್ಯವಸ್ಥೆ ಉಬುಂಟು ಆಧಾರಿತ ತಂತ್ರಾಂಶವನ್ನೇ ಹಂಚುತ್ತದೆ, ಪ್ರೌಢಶಾಲೆಗೊಬ್ಬ ಶಿಕ್ಷಕರಿಗೆ ಅದರ ಹೊಣೆ ಕೊಟ್ಟಿದೆ. ನಮ್ಮ ರಾಜ್ಯದಲ್ಲಿಯೂ 2010ರ ದಶಕದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲೆಯ ಶಿಕ್ಷಕರು ಉಬುಂಟು ಕಲಿತರು. ಅವರಲ್ಲಿ ಎಷ್ಟೋ ಜನ ನಮ್ಮ ನಿಮ್ಮ ಊರುಗಳಲ್ಲಿಯೇ ಇದ್ದಾರೆ. ಅಂಗಡಿಗೆ ಹೋಗುವ ಮುನ್ನ ಅವರನ್ನು ಕೇಳಿನೋಡಿ.

ಕೊನೆಗೆ ಬಾದಾಮಿಯ ತಾಯಿಯೊಬ್ಬರು ಬರೆದ ಪ್ರಶ್ನೆ. ಇಷ್ಟು ತೊಡಕಿರುವಾಗ ಪರಿಷ್ಕರಣೆಗಳನ್ನೇ ನಿಲ್ಲಿಸಿಬಿಟ್ಟರಾಗದೆ ಎಂದು ಕೇಳಿದ್ದಾರೆ. ಆಗದು. ಭದ್ರತೆಯ ಬಿರುಕುಗಳು ಮುಚ್ಚುವುದು ಅವುಗಳಿಂದಲೇ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಂತೂ ನಿಲ್ಲಿಸಲೇಬಾರದು. ಪರೀಕ್ಷೆಯ ಶುಲ್ಕಕ್ಕೋ ಅರ್ಜಿಗೋ ಕೊನೆಯ ದಿನ ಹತ್ತಿರವಿರುವಾಗ ಮಾತ್ರ ಎರಡು ದಿನ ಮುಂದೂಡಿ, ಕೆಲಸ ಮುಗಿದ ಮೇಲೆ ಒಪ್ಪಿಕೊಳ್ಳಿ. ಹೊಸ ತಿರುಳಿನಲ್ಲಿ ವೈಫೈ ಸರಿಯಾಗಿ ನಡೆಯುತ್ತದೆಂದು ಖಚಿತವಾಗುವವರೆಗೆ ಹಳೆಯದನ್ನು ಅಳಿಸುವ 'ಆಟೊರಿಮೂವ್' ಆದೇಶವನ್ನು ಕೊಡಬೇಡಿ. ಅವರು ಮಗನಿಗಾಗಿ ಬೇರೊಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಲ್ಲಿದ್ದಾರಂತೆ. ಲಿನಕ್ಸ್ ತುಂಬಿದ ಪೆನ್‌ಡ್ರೈವೊಂದನ್ನು ಅಂಗಡಿಗೇ ಒಯ್ದು, ಅದರಿಂದಲೇ ಯಂತ್ರವನ್ನು ತೆರೆದು, ಏನನ್ನೂ ಹೊಸದಾಗಿ ಹಾಕದೆ ವೈಫೈ ಬರುತ್ತದೆಯೇ ನೋಡಲಿ. ಬಂದರೆ ಅದರ ಚಾಲಕ ತಿರುಳಿನೊಳಗೇ ಇದೆ ಎಂದು ತಿಳಿದು ಬೆಲೆ ಮಾತನಾಡಬಹುದು.